ವರ್ಷಕ್ಕೆ 312 ಸೂಜಿ, ಮತ್ತೆ ಹತ್ತು ಸೆಕೆಂಡಿನ ಒಂದು ಉಸಿರು

ಒಂದು ಸಿಂಪಲ್ ಲೆಕ್ಕದಿಂದ ಶುರು ಮಾಡೋಣ. ಎರಡೂ ಕಿಡ್ನಿ ಕೈಕೊಟ್ಟವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಹಿಮೋಡಯಾಲಿಸಿಸ್ ಬೇಕು. ಒಂದು ಸಲಕ್ಕೆ ಎರಡು ಸೂಜಿ. ಅಂದ್ರೆ ವರ್ಷಕ್ಕೆ 312 ಸೂಜಿ. ನಮ್ಮ ಕಡೆ ಎಷ್ಟೋ ಜನ ವಾರಕ್ಕೆ ಎರಡೇ ಸಲ ಮಾಡಿಸ್ಕೊಳ್ತಾರೆ, ಅವರಿಗೂ 208 ಸೂಜಿ ತಪ್ಪಲ್ಲ.

ಇದೇನು ಇನ್ಸುಲಿನ್ ಸೂಜಿ ಥರ ಸಣ್ಣದಲ್ಲ. ಸಾಮಾನ್ಯವಾಗಿ ಬಳಸೋದು 15ರಿಂದ 17 ಗೇಜ್. ಗೇಜ್ ನಂಬರ್ ಕಮ್ಮಿ ಆದಷ್ಟೂ ಸೂಜಿ ದಪ್ಪ. 16 ಗೇಜ್ ಅಂದ್ರೆ ಸುಮಾರು 1.6 ಮಿಲಿಮೀಟರ್ ದಪ್ಪ. ಬ್ಲಡ್ ಟೆಸ್ಟಿಗೆ ಹಾಕೋ 21 ಗೇಜ್ ಸೂಜಿಗಿಂತ ಎರಡರಷ್ಟು. ಕ್ಯಾಂಪಸ್ಸಿನ ರಕ್ತದಾನ ಶಿಬಿರದಲ್ಲಿ ಕೈ ಕೊಟ್ಟವರಿಗೆ ಈ ದಪ್ಪ ಗೊತ್ತಿರತ್ತೆ, ಅಲ್ಲಿನ ಸೂಜಿಯೂ ಹೆಚ್ಚುಕಮ್ಮಿ ಇದೇ ಸೈಜು. ನಮಗೆ ಅದು ವರ್ಷಕ್ಕೊಂದು ಸಲ. ಅವರಿಗೆ ದಿನ ಬಿಟ್ಟು ದಿನ.

ಇಷ್ಟು ದಪ್ಪ ಯಾಕೆ?

ಡಯಾಲಿಸಿಸ್ ಮಷೀನಿನ ಪಂಪು ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಎಳೀಬೇಕು. ನಾಲ್ಕು ಗಂಟೆಗೆ 72 ಲೀಟರ್ ಆಯ್ತು. ಮೈಯಲ್ಲಿರೋದೇ ಸುಮಾರು 5 ಲೀಟರ್ ರಕ್ತ, ಅಂದ್ರೆ ಅದೇ ರಕ್ತ ಹದಿನಾಲ್ಕು ಸುತ್ತು ಫಿಲ್ಟರ್ ಮೂಲಕ ಹೋಗಿ ಬರತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರು ಪಾಯ್ಸ್ಯೂಲ್ ಸೂತ್ರ ನೆನಪು ಮಾಡ್ಕೊಳ್ಳಿ: ಪೈಪಿನ ತ್ರಿಜ್ಯ ಅರ್ಧ ಆದ್ರೆ ಅದೇ ಒತ್ತಡದಲ್ಲಿ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯತ್ತೆ. ಹಾಗಾಗಿ ಸಣ್ಣ ಸೂಜಿಯಲ್ಲಿ ಕೆಲಸ ಆಗಲ್ಲ.

ಮಾಮೂಲಿ ರಕ್ತನಾಳವೂ ಈ ಹರಿವಿಗೆ ಸಾಲಲ್ಲ. ಅದಕ್ಕೇ ಸಣ್ಣ ಆಪರೇಷನ್ ಮಾಡಿ ಕೈಯಲ್ಲಿ ಒಂದು ಅಪಧಮನಿಯನ್ನು ಸಿರೆಗೆ ಜೋಡಿಸ್ತಾರೆ. ಒತ್ತಡಕ್ಕೆ ಆ ಸಿರೆ ಕೆಲವು ವಾರಗಳಲ್ಲಿ ಹಿಗ್ಗಿ, ಗೋಡೆ ಗಟ್ಟಿ ಆಗತ್ತೆ. ಇದೇ ಫಿಸ್ಟುಲಾ. ನ್ಯೂಯಾರ್ಕಿನಲ್ಲಿ ಬ್ರೆಶಿಯಾ, ಚಿಮಿನೋ ಮತ್ತು ಅವರ ಜೊತೆಗಾರರು 1966ರಲ್ಲಿ ಪ್ರಕಟಿಸಿದ ಉಪಾಯ ಇದು, ಇವತ್ತಿಗೂ ಇದಕ್ಕಿಂತ ಒಳ್ಳೇದು ಬಂದಿಲ್ಲ. ಒಂದು ಸೂಜಿ ರಕ್ತ ಎಳೆಯೋಕೆ, ಇನ್ನೊಂದು ವಾಪಸ್ ಕೊಡೋಕೆ.

ನಮ್ಮ ಕಡೆ ಇದು ಯಾಕೆ ಮುಖ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಮೊದಲು ಡಯಾಲಿಸಿಸ್ ಅಂದ್ರೆ ಬಳ್ಳಾರಿನೋ ದಾವಣಗೆರೆನೋ ಅನ್ನೋ ಹಾಗಿತ್ತು. 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆ ಆಯ್ತು. ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆ ದಾಟಿ ತಾಲ್ಲೂಕು ಆಸ್ಪತ್ರೆಗಳಿಗೂ ಮಷೀನುಗಳು ಬಂದಿವೆ. ದಾರಿ ಹತ್ತಿರ ಆಯ್ತು, ಖರ್ಚು ಕಮ್ಮಿ ಆಯ್ತು. ಆದ್ರೆ ಸೂಜಿ ಹಾಗೇ ಇದೆ.

ಕೊಟ್ಟೂರು ಹತ್ತಿರದ ನಮ್ಮ ದೊಡ್ಡಪ್ಪಗೆ ಎರಡು ವರ್ಷದಿಂದ ಡಯಾಲಿಸಿಸ್ ನಡೀತಿದೆ. ಅವರು ಹೇಳೋದು ಹೀಗೆ: "ಮಷೀನ್ ಮುಂದ ನಾಕ್ ತಾಸು ಮಲಗೋದು ದೊಡ್ಡದಲ್ಲಪ್ಪಾ. ಆ ಎರಡು ಸೂಜಿ ಚುಚ್ಚೋ ಹೊತ್ತು ಐತಲ್ಲ, ಅದನ್ನ ನೆನಸ್ಕೊಂಡು ಹಿಂದಿನ ರಾತ್ರಿನೇ ನಿದ್ದಿ ಬರಂಗಿಲ್ಲ." ಒಂದೆರಡು ಸಲ "ಇವತ್ತು ಬ್ಯಾಡ ಬಿಡು" ಅಂದಿದ್ದೂ ಇದೆ. ಅಪಾಯ ಇರೋದು ಇಲ್ಲೇ. ಡಯಾಲಿಸಿಸ್ ತಪ್ಪಿಸಿದ್ರೆ ನೀರು ಮೈಯಲ್ಲೇ ನಿಂತು ಶ್ವಾಸಕೋಶಕ್ಕೆ ತುಂಬಬಹುದು, ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಕೆಡಬಹುದು. ಅಂದ್ರೆ ಸೂಜಿಯ ಭಯ ಬರೀ ಭಯ ಅಲ್ಲ, ಜೀವಕ್ಕೆ ತಗಲೋ ವಿಷಯ.

ನೋವಿಗೂ ಉಸಿರಿಗೂ ಏನು ಸಂಬಂಧ?

ಸೂಜಿ ಚರ್ಮ ದಾಟಿದಾಗ ನರಗಳು ಬೆನ್ನುಹುರಿಗೆ ಸಿಗ್ನಲ್ ಕಳಿಸ್ತವೆ. ಆ ಸಿಗ್ನಲ್ ಇದ್ದ ಹಾಗೇ ಮಿದುಳಿಗೆ ಹೋಗಲ್ಲ. ಬೆನ್ನುಹುರಿಯಲ್ಲಿ ಒಂದು ಗೇಟ್ ಇದ್ದ ಹಾಗೆ, ಅದು ಸಿಗ್ನಲ್ಲನ್ನು ಹೆಚ್ಚು ಕಮ್ಮಿ ಮಾಡತ್ತೆ ಅಂತ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಹೇಳಿದ್ರು. ಆಮೇಲೆ ಅದರ ವಿವರಗಳು ಬದಲಾದವು, ಆದ್ರೆ ಮೂಲ ಮಾತು ಉಳೀತು: ಮಿದುಳು ಮೇಲಿಂದ ಕೆಳಗೂ ಸಿಗ್ನಲ್ ಕಳಿಸತ್ತೆ, ನೋವಿನ ವಾಲ್ಯೂಮ್ ಏರಿಸತ್ತೆ, ಇಳಿಸತ್ತೆ. ಭಯ, ಕಾಯೋದು, ಮೈ ಬಿಗಿ ಹಿಡಿಯೋದು ವಾಲ್ಯೂಮ್ ಏರಿಸ್ತವೆ. ಬೇರೆ ಕಡೆ ಗಮನ, ಸಡಿಲವಾದ ಮೈ ಇಳಿಸ್ತವೆ.

ಉಸಿರು ಇಲ್ಲಿ ಕೆಲಸಕ್ಕೆ ಬರತ್ತೆ. ಹೃದಯದ ಬಡಿತ, ಬೆವರು, ಬಿಪಿ ಇವನ್ನ ನಾವು ನೇರವಾಗಿ ಬದಲಾಯಿಸೋಕೆ ಆಗಲ್ಲ. ಉಸಿರು ಮಾತ್ರ ತಾನಾಗೇ ನಡೆಯತ್ತೆ, ನಾವು ಹೇಳಿದ್ರೂ ಕೇಳತ್ತೆ. ಈಗಲೇ ಮಣಿಕಟ್ಟಿನ ನಾಡಿ ಹಿಡಿದು ನಿಧಾನ ಉಸಿರಾಡಿ ನೋಡಿ. ಉಸಿರು ತಗೊಳ್ಳುವಾಗ ಬಡಿತ ಸ್ವಲ್ಪ ಬೇಗ, ಬಿಡುವಾಗ ನಿಧಾನ. ಉಸಿರು ಬಿಡುವಾಗ ವೇಗಸ್ ನರ ಹೃದಯಕ್ಕೆ ಬ್ರೇಕ್ ಹಾಕೋದೇ ಇದಕ್ಕೆ ಕಾರಣ. ಅದಕ್ಕೇ ಬಿಡೋ ಉಸಿರು ಉದ್ದ ಇರಬೇಕು ಅನ್ನೋದು.

ಕಂಟ್ರೋಲ್ ಸಿಸ್ಟಮ್ಸ್ ಇಷ್ಟಪಡೋರಿಗೆ ಇನ್ನೊಂದು ಮಾತು. ಬಿಪಿ ಕಾಯೋ ಫೀಡ್‌ಬ್ಯಾಕ್ ಲೂಪಿಗೆ ಸುಮಾರು 0.1 ಹರ್ಟ್ಜ್‌ನಲ್ಲಿ ಒಂದು ರೆಸೋನೆನ್ಸ್ ಇದೆ, ಅಂದ್ರೆ ಹತ್ತು ಸೆಕೆಂಡಿಗೆ ಒಂದು ಸುತ್ತು. ನಿಮಿಷಕ್ಕೆ ಆರು ಸಲ ಉಸಿರಾಡಿದ್ರೆ ನಾವು ಆ ಲೂಪನ್ನು ಅದರದೇ ಫ್ರೀಕ್ವೆನ್ಸಿಯಲ್ಲಿ ತೂಗಿದ ಹಾಗೆ.

ಮಾಡೋದು ಹೇಗೆ

1. ಡಯಾಲಿಸಿಸ್ ಇಲ್ಲದ ದಿನ ಮನೆಯಲ್ಲೇ ಐದು ನಿಮಿಷ ಪ್ರಾಕ್ಟೀಸ್ ಮಾಡಬೇಕು. ಸೂಜಿ ಎದುರಿಗೆ ಬಂದಾಗ ಹೊಸದಾಗಿ ಕಲಿಯೋಕೆ ಆಗಲ್ಲ.
2. ಸೂಜಿ ಹಾಕೋ ಮೂರ್ನಾಲ್ಕು ನಿಮಿಷ ಮೊದಲೇ ಶುರು ಮಾಡಿ. ಭುಜ, ದವಡೆ ಸಡಿಲ ಬಿಡಿ. ಫಿಸ್ಟುಲಾ ಇರೋ ಕೈ ಅಲ್ಲಾಡಬಾರದು.
3. ಮೂಗಿನಿಂದ ನಾಲ್ಕು ಎಣಿಸೋವರೆಗೆ ಒಳಗೆ, ತುಟಿ ಸ್ವಲ್ಪ ತೆರೆದು ಆರು ಎಣಿಸೋವರೆಗೆ ಹೊರಗೆ. ಕಷ್ಟ ಆದ್ರೆ ಮೂರು, ನಾಲ್ಕು ಸಾಕು. ಬಿಡುವಾಗ ಮುಖ ಆ ಕೈಯಿಂದ ಆಚೆ ತಿರುಗಿರಲಿ, ಸೂಜಿ ಜಾಗ ಶುಚಿಯಾಗಿರಬೇಕು.
4. ಟೆಕ್ನಿಷಿಯನ್‌ಗೆ ಮೊದಲೇ ಹೇಳಿ: "ನಾನು ಉಸಿರು ಬಿಡೋಕೆ ಶುರು ಮಾಡಿದಾಗ ಹಾಕಿ ಸರ್." ಎರಡನೇ ಸೂಜಿಗೂ ಹಾಗೇ. ಟೇಪ್ ಹಚ್ಚೋವರೆಗೂ ಎಣಿಕೆ ನಿಲ್ಲಿಸಬೇಡಿ.

ಉಸಿರು ಕಟ್ಟಿ ಹಿಡಿಯೋದು ಬೇಡ, ಕಪಾಲಭಾತಿ ಥರ ಜೋರಾಗಿ ಮಾಡೋದೂ ಬೇಡ. ಜೋರು ಉಸಿರಿಗೆ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತತ್ತೆ, ಕೈಯೂ ಅಲ್ಲಾಡತ್ತೆ. ಮೊದಲೇ ಏದುಸಿರು ಇದ್ರೆ ವ್ಯಾಯಾಮ ಬಿಟ್ಟು ಡಾಕ್ಟರಿಗೆ ಹೇಳಿ, ಅದು ಮೈಯಲ್ಲಿ ನೀರು ತುಂಬಿರೋ ಸೂಚನೆ ಇರಬಹುದು.

ಇದರ ಮಿತಿ

ಡಯಾಲಿಸಿಸ್ ರೋಗಿಗಳ ಮೇಲೆ ಇಂಥ ಅಧ್ಯಯನಗಳು ಆಗಿವೆ, ಹೆಚ್ಚಿನವು ಸಣ್ಣವು. ನೋವನ್ನು ರೋಗಿಯೇ ಸೊನ್ನೆಯಿಂದ ಹತ್ತರ ಸ್ಕೇಲಿನಲ್ಲಿ ಹೇಳಬೇಕು. ಮಾತ್ರೆಗಾದ್ರೆ ಡಮ್ಮಿ ಮಾತ್ರೆ ಕೊಟ್ಟು ಹೋಲಿಸಬಹುದು, ಉಸಿರಿಗೆ ಡಮ್ಮಿ ಎಲ್ಲಿಂದ ತರೋದು? ಹಾಗಾಗಿ ಇದನ್ನು ಪವಾಡ ಅನ್ನೋ ಹಾಗಿಲ್ಲ. ಖರ್ಚಿಲ್ಲದ, ಹೆಚ್ಚು ಅಪಾಯ ಇಲ್ಲದ ಒಂದು ಸಹಾಯ, ಅಷ್ಟೇ. ದೊಡ್ಡಪ್ಪನ ಮಾತಲ್ಲಿ ಹೇಳೋದಾದ್ರೆ, "ನೋವು ಐತಿ, ಆದ್ರ ಹೆದರಿಕಿ ಕಮ್ಮಿ ಆಗೈತಿ."

ಬೇರೆ ಉಪಾಯಗಳೂ ಇವೆ, ಜೊತೆಗೆ ಬಳಸಬಹುದು. ಲಿಡೋಕೇನ್ ಇರೋ ಮರಗಟ್ಟಿಸೋ ಕ್ರೀಮನ್ನು ಸುಮಾರು ಒಂದು ಗಂಟೆ ಮೊದಲು ಹಚ್ಚಬಹುದು, ಡಾಕ್ಟರನ್ನು ಕೇಳಿ. ಇನ್ನೊಂದು ಐಸ್. 2008ರಲ್ಲಿ ಇಂಡಿಯನ್ ಜರ್ನಲ್ ಆಫ್ ನೆಫ್ರಾಲಜಿಯಲ್ಲಿ ಬಂದ 60 ರೋಗಿಗಳ ಅಧ್ಯಯನದಲ್ಲಿ, ಫಿಸ್ಟುಲಾ ಇಲ್ಲದ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಐಸ್ ಇಟ್ಟು ಉಜ್ಜಿದಾಗ ಸೂಜಿ ನೋವು ಕಮ್ಮಿ ಆಗಿತ್ತು.

ಆದ್ರೆ ಒಂದು ದಿನ ನೋವು ಇದ್ದಕ್ಕಿದ್ದಂತೆ ಹೆಚ್ಚಾದ್ರೆ, ಆ ಜಾಗ ಕೆಂಪಾಗಿ ಊದಿಕೊಂಡ್ರೆ, ಕೀವು ಬಂದ್ರೆ, ಇಲ್ಲಾ ಫಿಸ್ಟುಲಾ ಮೇಲೆ ಬೆರಳಿಟ್ಟಾಗ ಸಿಗೋ ಆ ಗುಂಯ್ ಅನ್ನೋ ಕಂಪನ ನಿಂತ್ರೆ, ಅದು ಉಸಿರಾಟದಿಂದ ಸರಿ ಮಾಡೋ ವಿಷಯ ಅಲ್ಲ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಮ್ಮಿಂದ ಏನಾಗತ್ತೆ?

ನಾಲ್ಕು ಸೆಕೆಂಡ್ ಬೆಳಕು ಏರಿ ಆರು ಸೆಕೆಂಡ್ ಇಳಿಯೋ ಒಂದು ಎಲ್‌ಇಡಿ ದೀಪ ಆರ್ಡುಯಿನೋದಲ್ಲಿ ಒಂದು ಸಂಜೆಯ ಕೆಲಸ. ಓದೋಕೆ ಬರದ ಅಜ್ಜಿಗೂ ಅದನ್ನ ನೋಡಿ ಉಸಿರಾಡೋದು ಗೊತ್ತಾಗತ್ತೆ. ಅದೂ ಬೇಡ ಅಂದ್ರೆ, ಸೆಮ್ ರಜೆಯಲ್ಲಿ ಊರಿಗೆ ಹೋದಾಗ ಮನೆಯಲ್ಲೋ ಪಕ್ಕದ ಮನೆಯಲ್ಲೋ ಡಯಾಲಿಸಿಸ್‌ಗೆ ಹೋಗೋರು ಇದ್ರೆ ಒಂದು ಸಂಜೆ ಜೊತೆಗೆ ಕೂತು ನಿಧಾನಕ್ಕೆ ಎಣಿಸಿ. ಒಳಗೆ ನಾಲ್ಕು, ಹೊರಗೆ ಆರು. ಎರಡು ಮೂರು ದಿನದಲ್ಲಿ ಅವರೇ ಎಣಿಸೋಕೆ ಶುರು ಮಾಡ್ತಾರೆ.