ಹೆಸರು ಎಲ್ಲಿ ಬರೆಯುವುದು?

ಹಳೆಯ ಹಾಡಿನ ಸಿ.ಡಿ.ಯೊಳಗೆ ಹಾಡಿನ ಹೆಸರೇ ಇರುವುದಿಲ್ಲ. ಡಬ್ಬಿಯ ಕಾಗದದ ಮೇಲೆ ಸಿನಿಮಾ, ಗಾಯಕರು, ಸಾಹಿತಿ ಎಲ್ಲ ಅಚ್ಚಾಗಿರುತ್ತದೆ. ತಟ್ಟೆಯಲ್ಲಿ ಇರುವುದು ಧ್ವನಿ, ಜೊತೆಗೆ ಒಂದು ಚಿಕ್ಕ ಲೆಕ್ಕ: ಒಟ್ಟು ಎಷ್ಟು ಹಾಡು, ಯಾವುದು ಎಲ್ಲಿ ಶುರು. ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ಸಿ.ಡಿ.ಯ ನಿಯಮ ಬರೆದಾಗ ಹೆಸರಿಗೆ ಜಾಗ ಇಡಲಿಲ್ಲ. 1996ರಲ್ಲಿ ಆ ಸೌಲಭ್ಯ ಬಂತು, ಬಳಸಿದವರು ಕಡಿಮೆ. ಹೀಗಾಗಿ ಡಬ್ಬಿ ಕಳೆದರೆ ಹೆಸರೂ ಕಳೆದಂತೆ.

ಬಳ್ಳಾರಿ ಕಡೆಯ ಮನೆಗಳಲ್ಲಿ ಈ ತೊಂದರೆ ಸಿ.ಡಿ.ಗಿಂತ ಹಳೆಯದು. ಸಿರುಗುಪ್ಪದ ಮನೆಯ ಅಟ್ಟದಲ್ಲಿ ಬಯಲಾಟದ ಕ್ಯಾಸೆಟ್ ಇರುತ್ತವೆ, ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಜಾತ್ರೆಯ ವಿಡಿಯೊ, ಎಲ್ಲ ಕಡೆಯೂ ಮದುವೆ ಕ್ಯಾಸೆಟ್ಟು. ಅಂಟಿಸಿದ್ದ ಚೀಟಿ ಉದುರಿ ಹೋಗಿದೆ. ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದ ಮೇಲೆ ಪರದೆಯಲ್ಲಿ ಕಾಣುವುದು ಟ್ರ್ಯಾಕ್ 01, ಟ್ರ್ಯಾಕ್ 02, ನ್ಯೂ ಫೋಲ್ಡರ್, ಅದರೊಳಗೆ ಇನ್ನೊಂದು ನ್ಯೂ ಫೋಲ್ಡರ್.

ಮನೆಯ ಹಾಡು, ಸಿನಿಮಾ ಜೋಡಿಸಿಡುವ ತಂತ್ರಾಂಶಗಳ ಕತೆ ಹೇಳುವವರು ಸಾಮಾನ್ಯವಾಗಿ ಪರದೆಯ ಚಂದದಿಂದ ಶುರು ಮಾಡುತ್ತಾರೆ. ನನಗೆ ಅದರಲ್ಲಿ ಅಂಥ ಹೆಚ್ಚುಗಾರಿಕೆ ಕಾಣುವುದಿಲ್ಲ. ಜೋಡಿಸುವುದು ಕಂಪ್ಯೂಟರಿಗೆ ಸುಲಭದ ಕೆಲಸ, ಹೆಸರು ಇದ್ದರೆ. ಆ ಹೆಸರನ್ನು ಎಲ್ಲಿ ಬರೆದಿಡಬೇಕು ಎಂದು ಹೊಳೆದದ್ದೇ ಇಲ್ಲಿನ ನಿಜವಾದ ಆವಿಷ್ಕಾರ. ಅದು ಹೊಳೆದದ್ದು ದೊಡ್ಡ ಕಂಪನಿಗಳಿಗಲ್ಲ, ಬಿಡುವಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವರಿಗೆ.

ಅಮೆರಿಕದ ಟಿ ಕಾನ್ 1993ರ ಹೊತ್ತಿಗೆ ಯೂನಿಕ್ಸ್ ಕಂಪ್ಯೂಟರುಗಳಿಗಾಗಿ ಎಕ್ಸ್‌ಎಂಸಿಡಿ ಎಂಬ ಸಿ.ಡಿ. ಪ್ಲೇಯರ್ ಬರೆದ. ತಟ್ಟೆಯಲ್ಲಿ ಹೆಸರಿಲ್ಲದಿದ್ದರೂ ಹಾಡುಗಳ ಉದ್ದದ ಲೆಕ್ಕ ಇದೆಯಲ್ಲ, ಅದು ತಟ್ಟೆಯಿಂದ ತಟ್ಟೆಗೆ ಬೇರೆ ಬೇರೆ. ಹಾಗಾದರೆ ಅದನ್ನೇ ಗುರುತಾಗಿ ಇಟ್ಟುಕೊಂಡರಾಯಿತು. ಒಂದು ಹಾಡು 245ನೇ ಸೆಕೆಂಡಿಗೆ ಶುರುವಾದರೆ 2, 4, 5 ಕೂಡಿಸಿ 11. ಹೀಗೆ ಪ್ರತಿ ಹಾಡಿನದ್ದೂ ಕೂಡಿಸಿ, ಬಂದ ಮೊತ್ತವನ್ನು 255ರಿಂದ ಭಾಗಿಸಿ, ಉಳಿದ ಶೇಷದ ಪಕ್ಕಕ್ಕೆ ಒಟ್ಟು ಅವಧಿ ಮತ್ತು ಹಾಡುಗಳ ಸಂಖ್ಯೆ ಬರೆದರೆ ಆ ಸಿ.ಡಿ.ಯ ಗುರುತು ಸಿದ್ಧ. ಜಾತಕ ಬರೆಯುವವರು ಅಂಕಿ ಕೂಡಿಸಿದ ಹಾಗೆ. ಒಬ್ಬರು ಹೆಸರು ಟೈಪ್ ಮಾಡಿ ಕಳಿಸಿದರೆ, ಅದೇ ಸಿ.ಡಿ. ಹಾಕಿದ ಉಳಿದವರಿಗೆಲ್ಲ ತಾನಾಗಿ ಹೆಸರು ಬರುತ್ತಿತ್ತು. ಸ್ಟೀವ್ ಶೆರ್ಫ್ ಆ ಹೆಸರುಗಳ ಪಟ್ಟಿಯನ್ನು ಇಂಟರ್ನೆಟ್ ಸರ್ವರಿಗೆ ಏರಿಸಿದ. ಅದೇ ಸಿಡಿಡಿಬಿ.

ಲೆಕ್ಕ ಒಮ್ಮೊಮ್ಮೆ ತಪ್ಪುತ್ತಿತ್ತು, ಎರಡು ಸಿ.ಡಿ.ಗಳಿಗೆ ಒಂದೇ ಗುರುತು ಬಂದು ಯಾರದೋ ಹಾಡಿಗೆ ಯಾರದೋ ಹೆಸರು. ಅದಕ್ಕಿಂತ ಹೆಚ್ಚು ಜನರನ್ನು ಕೆರಳಿಸಿದ್ದು ಮುಂದೆ ನಡೆದದ್ದು. ಊರೂರಿನವರು ಬಿಟ್ಟಿಯಾಗಿ ಟೈಪ್ ಮಾಡಿದ ಆ ಪಟ್ಟಿ ವ್ಯಾಪಾರಿ ಕಂಪನಿಯ ಸ್ವತ್ತಾಯಿತು. 2000ರಲ್ಲಿ ಅದಕ್ಕೆ ಗ್ರೇಸ್‌ನೋಟ್ ಎಂದು ಹೆಸರಾಯಿತು. ಆ ಸಿಟ್ಟಿನಲ್ಲಿ ಹುಟ್ಟಿದ್ದು ರಾಬರ್ಟ್ ಕೇ ಕಟ್ಟಿದ ಮ್ಯೂಸಿಕ್‌ಬ್ರೇನ್ಸ್. ಅದರ ಪಟ್ಟಿಗೆ ಯಾರು ಬೇಕಾದರೂ ಸೇರಿಸಬಹುದು, ಯಾರು ಬೇಕಾದರೂ ಒಯ್ಯಬಹುದು.

ಇನ್ನೊಂದು ದಾರಿ ಹಿಡಿದವನು ಎರಿಕ್ ಕೆಂಪ್. ಎಂಪಿ3 ಹಾಡುಗಳು ಕೈಯಿಂದ ಕೈಗೆ ಓಡಾಡತೊಡಗಿದ್ದ 1996ರಲ್ಲಿ, ಹೆಸರನ್ನು ಬೇರೆಲ್ಲೋ ಇಡುವ ಬದಲು ಹಾಡಿನ ಫೈಲಿನ ಬಾಲಕ್ಕೇ ಕಟ್ಟಿದ. ಕೊನೆಯ 128 ಬೈಟು ಅದಕ್ಕೇ ಮೀಸಲು. ಮೊದಲ ಮೂರರಲ್ಲಿ ಟಿ, ಎ, ಜಿ ಎಂಬ ಮೂರು ಅಕ್ಷರ. ಆಮೇಲೆ ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಂಗೆ 30, ಇಸವಿಗೆ 4, ಟಿಪ್ಪಣಿಗೆ 30, ಕಡೆಯ ಒಂದು ಬೈಟು ಹಾಡಿನ ಬಗೆಗೆ. ಇದನ್ನು ಐಡಿ3 ಎಂದು ಕರೆದರು. ಕೊನೆಯಲ್ಲಿ ಇಟ್ಟದ್ದಕ್ಕೆ ಕಾರಣವಿತ್ತು. ಇದರ ಪರಿಚಯವಿಲ್ಲದ ಹಳೆಯ ಪ್ಲೇಯರುಗಳೂ ಹಾಡನ್ನು ಪೂರ್ತಿ ನುಡಿಸಿ ಮುಗಿಸಿದ ಮೇಲೆಯೇ ಈ ಚೂರು ಎದುರಾಗುತ್ತಿತ್ತು.

ಇದೇ ಉಪಾಯವನ್ನು ನಮ್ಮ ದೇಶದ ಒಬ್ಬ ಹಾಡುಗಾರ್ತಿ 94 ವರ್ಷ ಮೊದಲೇ ಮಾಡಿದ್ದರು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಗ್ರಾಮೊಫೋನಿಗೆ ಹಿಡಿದ. ಮೂರು ನಿಮಿಷದ ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳುತ್ತಿದ್ದರು. ಅಭಿಮಾನಕ್ಕಲ್ಲ. ತಟ್ಟೆಗಳು ಒತ್ತಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿ ಲೇಬಲ್ ಅಂಟಿಸುವವನಿಗೆ ಯಾರ ಹಾಡು ಎಂದು ತಿಳಿಯಬೇಕಲ್ಲ. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆದರೆ ಕೆಂಪ್‌ನ ಖಾನೆಗಳು ಇಂಗ್ಲಿಷ್ ಅಳತೆಯವು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಇವತ್ತು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಮೂಲಾಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ ಮೂರು ಮೂರು ಬೈಟು. ‘ಬಳ್ಳಾರಿ ರಾಘವ’ ಎಂದು ಬರೆದು ನೋಡಿ. ‘ಬಳ್ಳಾರಿ’ಗೆ ಬ, ಳ, ವಿರಾಮ, ಳ, ದೀರ್ಘ, ರ, ಗುಡಿಸು, ಹೀಗೆ ಏಳು ತುಂಡು, 21 ಬೈಟು. ನಡುವಿನ ಖಾಲಿಗೆ ಒಂದು. ‘ರಾಘವ’ಕ್ಕೆ 12. ಒಟ್ಟು 34. ಮೂವತ್ತರ ಖಾನೆಯಲ್ಲಿ ‘ಬಳ್ಳಾರಿ ರಾ’ ತನಕ ಹಿಡಿಸುತ್ತದೆ, ‘ಘ’ ಅರ್ಧಕ್ಕೆ ತುಂಡಾಗಿ ಅಲ್ಲೊಂದು ಚೌಕವೋ ಪ್ರಶ್ನಾರ್ಥಕವೋ ಕೂರುತ್ತದೆ. ರಂಗಭೂಮಿಯಲ್ಲಿ ಅಷ್ಟು ದೊಡ್ಡ ಹೆಸರು, ಖಾನೆಯಲ್ಲಿ ಜಾಗವಿಲ್ಲ!

ಬಗೆಯ ಪಟ್ಟಿಯ ಕತೆ ಇನ್ನೂ ತಮಾಷೆಯದು. ಸೊನ್ನೆಯಿಂದ 79ರವರೆಗೆ 80 ಬಗೆಗಳು. ಸೊನ್ನೆ ಎಂದರೆ ಬ್ಲೂಸ್, 4 ಎಂದರೆ ಡಿಸ್ಕೊ. ಜಾನಪದ ಆ 80ರಲ್ಲಿ ಇರಲೇ ಇಲ್ಲ. ಮುಂದೆ ವಿನ್ಆಂಪ್‌ನವರು ಪಟ್ಟಿ ಬೆಳೆಸಿದಾಗ 80ನೇ ಸಂಖ್ಯೆಗೆ ಅದು ಬಂತು. ಸುಭದ್ರಮ್ಮ ಮನ್ಸೂರರ ರಂಗಗೀತೆಯನ್ನು ಎಲ್ಲಿ ಹಾಕುವುದು? 12ನೇ ‘ಇತರೆ’ಗೆ. 1998ರಲ್ಲಿ ಮಾರ್ಟಿನ್ ನಿಲ್ಸನ್ ಮತ್ತು ಗೆಳೆಯರು ಹೊಸ ಐಡಿ3 ರೂಪಿಸಿ ಚೀಟಿಯನ್ನು ಫೈಲಿನ ತಲೆಗೆ ತಂದ ಮೇಲೆ ಇಕ್ಕಟ್ಟು ತಪ್ಪಿತು. ಉದ್ದದ ಹೆಸರು, ಯೂನಿಕೋಡ್ ಲಿಪಿ, ಮುಖಪುಟದ ಚಿತ್ರ ಎಲ್ಲಕ್ಕೂ ಜಾಗವಾಯಿತು.

ಇಷ್ಟು ಸಿದ್ಧವಾದ ಮೇಲೆ ಪರದೆಯ ಕೆಲಸ. ಆಪಲ್ ಕಂಪನಿ ಸೌಂಡ್‌ಜಾಮ್ ಎಂಬ ಪ್ಲೇಯರನ್ನು ಕೊಂಡು 2001ರ ಜನವರಿ 9ರಂದು ಐಟ್ಯೂನ್ಸ್ ಎಂದು ಹೊರಗೆ ತಂದಿತು. ಫೈಲು ಯಾವ ಫೋಲ್ಡರಿನಲ್ಲಿದೆ ಎಂಬ ತಲೆನೋವು ಬಳಸುವವರಿಗೆ ಬೇಡ, ಬಗೆ, ಕಲಾವಿದ, ಆಲ್ಬಂ ಎಂಬ ಕಾಲಂಗಳಲ್ಲಿ ಹುಡುಕಿಕೊಳ್ಳಲಿ ಎಂಬುದು ಅದರ ವಿಚಾರ. ಪುಸ್ತಕಗಳ ವಿಷಯದಲ್ಲಿ ಇದೇ ವಿಚಾರ ಹಿಡಿದದ್ದು ಭಾರತದ ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಕ್ಯಾಲಿಬರ್. ಸಿನಿಮಾಗಳಿಗೆ ಕೋಡಿ ಎಂಬ ತಂತ್ರಾಂಶ ಇದೆ.

ಕಲಾವಿದ ಎಂಬ ಕಾಲಂ ನಮ್ಮಲ್ಲಿಗೆ ಬಂದು ಎಡವಿತು. ನಮ್ಮ ಜನ ಹುಡುಕುವುದು ‘ರಾಜ್‌ಕುಮಾರ್ ಹಾಡು’. ರಾಜ್‌ಕುಮಾರ್ ತಾವೇ ಹಾಡತೊಡಗಿದ 1974ರ ‘ಸಂಪತ್ತಿಗೆ ಸವಾಲ್’ಗೆ ಮೊದಲಿನ ಆ ಹಾಡುಗಳಲ್ಲಿ ಬಹುಪಾಲು ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಕಾಲಂನಲ್ಲಿ ಶ್ರೀನಿವಾಸರ ಹೆಸರಿದ್ದರೆ ಮನೆಯವರಿಗೆ ಹಾಡು ಸಿಗುವುದಿಲ್ಲ, ರಾಜ್‌ಕುಮಾರ್ ಹೆಸರಿದ್ದರೆ ಹಾಡಿದವರಿಗೆ ಅನ್ಯಾಯ. ಶಾಸ್ತ್ರೀಯ ಸಂಗೀತಕ್ಕಾದರೂ ಒಂದು ದಾರಿಯಾಯಿತು. ಬಾರ್ಸಿಲೋನಾದಲ್ಲಿ ಶಾವಿಯರ್ ಸೆರ್ರಾ 2011ರಲ್ಲಿ ಶುರು ಮಾಡಿದ ಕಾಂಪ್‌ಮ್ಯೂಸಿಕ್ ಸಂಶೋಧನೆಯವರು ಕರ್ನಾಟಕ, ಹಿಂದೂಸ್ತಾನಿ ಸಂಗೀತದ ಮಾಹಿತಿಯನ್ನು ಮ್ಯೂಸಿಕ್‌ಬ್ರೇನ್ಸ್‌ಗೆ ತುಂಬಿಸಿದರು. ಈಗ ಅಲ್ಲಿ ರಾಗಕ್ಕೂ ತಾಳಕ್ಕೂ ಖಾನೆ ಇದೆ.

ಬಳ್ಳಾರಿಗೆ ಅದೂ ಸಾಲದು. ಒಂದೇ ಮನೆಯಲ್ಲಿ ಕನ್ನಡ ನಾಟಕ, ತೆಲುಗು ಸಿನಿಮಾ, ಉರ್ದು ಕವ್ವಾಲಿ. ಯೂನಿಕೋಡ್ ಕೋಷ್ಟಕದಲ್ಲಿ ತೆಲುಗಿನ 128 ಮನೆ ಮುಗಿದ ಕೂಡಲೇ ಕನ್ನಡದ 128 ಮನೆ ಶುರು, ಉರ್ದುವಿನದು ಎರಡಕ್ಕೂ ಬಹಳ ಮುಂಚೆ. ಬರೀ ಆ ಕ್ರಮದಲ್ಲಿ ಜೋಡಿಸುವ ತಂತ್ರಾಂಶ ಇಂಗ್ಲಿಷ್, ಉರ್ದು, ತೆಲುಗು ಎಲ್ಲ ಮುಗಿಸಿ ಕನ್ನಡಕ್ಕೆ ಬರುತ್ತದೆ. ಒಂದೇ ನಾಟಕದ ಎರಡು ಭಾಷೆಯ ಪ್ರತಿಗಳು ಪಟ್ಟಿಯಲ್ಲಿ ಎಲ್ಲೆಲ್ಲಿಯೋ. 2014ರ ನವೆಂಬರ್ 1ರಿಂದ ಊರಿನ ಇಂಗ್ಲಿಷ್ ಹೆಸರು ಬೆಲ್ಲರಿ ಹೋಗಿ ಬಳ್ಳಾರಿ ಆದದ್ದರಿಂದ ಹಳೆಯ ಫೈಲು ಒಂದು ಕಡೆ, ಹೊಸ ಫೈಲು ಇನ್ನೊಂದು ಕಡೆ. ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪಿಸಿದ ಪಟ್ಟಿಗಳಂತೂ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಓದಲಿಕ್ಕೇ ಬರುವುದಿಲ್ಲ.

ಬಯಲಾಟದ ಕ್ಯಾಸೆಟ್ ವಿಷಯದಲ್ಲಿ ಮೇಲಿನ ಯಾವ ಉಪಾಯವೂ ನಡೆಯದು. ಸರ್ವರಿನಲ್ಲಿ ಹೆಸರಿಲ್ಲ, ಉದ್ದದ ಲೆಕ್ಕ ಯಾವುದಕ್ಕೂ ಹೊಂದುವುದಿಲ್ಲ, ರಾತ್ರಿಯಿಡೀ ನಡೆದದ್ದು ಹಾಡೂ ಅಲ್ಲ, ಆಲ್ಬಮ್ಮೂ ಅಲ್ಲ. ಆದರೆ ಹೆಸರು ಒಳಗೇ ಇದೆ. ಬಯಲಾಟದ ಒಂದು ಬಗೆಯಾದ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ನೀವು ಯಾರು, ಯಾವ ಊರು ಎಂದು ಮಾತಿಗೆ ಎಳೆಯುತ್ತಾನೆ, ಪಾತ್ರಧಾರಿ ತನ್ನ ಪಾತ್ರದ ಹೆಸರನ್ನು ತಾನೇ ಬಾಯಿತುಂಬ ಹೇಳಿಕೊಳ್ಳುತ್ತಾನೆ. ಆ ಜಾಗಗಳ ನಿಮಿಷ, ಸೆಕೆಂಡನ್ನು ಒಂದು ಸಾದಾ ಕಡತದಲ್ಲಿ ಬರೆದಿಟ್ಟರೆ ಸಾಕು. ಕ್ಯೂ ಫೈಲು ಎಂದು ಅದಕ್ಕೊಂದು ಹಳೆಯ ಪದ್ಧತಿಯೇ ಇದೆ, ಹಲವು ಪ್ಲೇಯರುಗಳು ಅದನ್ನು ಓದುತ್ತವೆ. ಒಂದೇ ಉದ್ದನೆಯ ಫೈಲಿನಲ್ಲಿ ಭೀಮ ಬೇಕೆಂದರೆ ಭೀಮ, ದುಶ್ಶಾಸನ ಬೇಕೆಂದರೆ ದುಶ್ಶಾಸನ.

ವೇಷ ಹಾಕಿದವನು ಯಾರು ಎಂಬುದೂ ಟೇಪಿನಲ್ಲಿ ಸಿಗುತ್ತದೆ. ಆಟದ ಮಧ್ಯೆ ಊರವರು ಮೆಚ್ಚಿ ಕಾಣಿಕೆ ಕೊಟ್ಟಾಗ ಮೈಕಿನಲ್ಲಿ ಕೊಟ್ಟವರ ಹೆಸರು, ಪಡೆದವನ ಹೆಸರು, ಎಷ್ಟು ರೂಪಾಯಿ ಎಂಬುದೆಲ್ಲ ಕೂಗುತ್ತಾರೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಡುವವರಿಗೆ ಅದು ಗದ್ದಲ. ‘ನಡುವಿಂದು ತೆಗೆದ್ಬಿಡ್ಲೇನ್ರಿ?’ ಎಂದು ಕೇಳಿಯೇ ಕೇಳುತ್ತಾರೆ, ಕೇಳದೆ ಕತ್ತರಿಸುವವರೂ ಉಂಟು. ಬೇಡ ಎಂದು ಮೊದಲೇ ಹೇಳಿಡಬೇಕು. ಕತ್ತರಿಸಿದ ಮೇಲೆ ಆ ಭೀಮ ಯಾರು ಎಂದು ಯಾವ ತಂತ್ರಾಂಶವೂ ಹೇಳಲಾರದು.