ಫೈಲು ಎಲ್ಲಿದೆ ಅಂತ ಸ್ಕ್ರಿಪ್ಟಿಗೆ ಹೇಳಿದವರು ಯಾರು?

ದಾವಣಗೆರೆಯ ಶಾಮನೂರು ರಸ್ತೆಯಲ್ಲಿರುವ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1979ರಲ್ಲಿ. ಅಲ್ಲಿರಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಬೇರೆ ಕಾಲೇಜಿನಲ್ಲಿರಲಿ, 2006 ಅಥವಾ 2010ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಏಳನೇ ಸೆಮಿಸ್ಟರಿನ ವೆಬ್ ಪ್ರೋಗ್ರಾಮಿಂಗ್ ಲ್ಯಾಬ್ ಮರೆತಿರಲಾರದು. ಅದರ ಪರ್ಲ್ ಪ್ರಶ್ನೆಗಳಲ್ಲಿ ಎರಡು ಇಲ್ಲಿ ಮುಖ್ಯ. ಸರ್ವರಿನ ಹೆಸರು, ಸಾಫ್ಟ್‌ವೇರ್, ಪ್ರೋಟೊಕಾಲ್, ಸಿಜಿಐ ಆವೃತ್ತಿ ತೋರಿಸುವುದು ಒಂದು. ಪುಟಕ್ಕೆ ಎಷ್ಟು ಜನ ಬಂದರೆಂದು ಎಣಿಸುವುದು ಇನ್ನೊಂದು.

ಕೈಕೊಡುವುದು ಎರಡನೆಯದು. ಎಣಿಕೆಯನ್ನು ಒಂದು ಸಣ್ಣ ಫೈಲಿನಲ್ಲಿ ಇಡಬೇಕು, ಪ್ರೋಗ್ರಾಮಿನಲ್ಲಿ ಆ ಫೈಲಿನ ಬರೀ ಹೆಸರು ಬರೆದಿರುತ್ತಾರೆ. ಟರ್ಮಿನಲ್‌ನಲ್ಲಿ ಓಡಿಸಿದರೆ ಎಣಿಕೆ ಸರಿಯಾಗಿ ಏರುತ್ತದೆ. ಬ್ರೌಸರಿನಲ್ಲಿ ತೆರೆದರೆ ಎಷ್ಟು ಸಲ ರಿಫ್ರೆಶ್ ಮಾಡಿದರೂ 1. ‘ನಮ್ಮ ಸಿಸ್ಟಮ್ಮಿನಾಗೆ ಓಡ್ತಿತ್ತು ಸರ್’ ಎಂಬ ಮಾತು ಹುಟ್ಟುವುದೇ ಇಂಥಲ್ಲಿ, ಮತ್ತು ಅದು ಸುಳ್ಳೂ ಅಲ್ಲ.

ಬರೀ ಹೆಸರು ಕೊಟ್ಟರೆ ಪ್ರೋಗ್ರಾಮು ತಾನು ಆ ಕ್ಷಣ ನಿಂತಿರುವ ಫೋಲ್ಡರಿನಲ್ಲಿ ಹುಡುಕುತ್ತದೆ, ತನ್ನ ಕೋಡ್ ಇರುವ ಫೋಲ್ಡರಿನಲ್ಲಲ್ಲ. ‘ಎರಡನೇ ತಿರುವಿನಲ್ಲಿ ಎಡಕ್ಕೆ’ ಅಂದರೆ ಜಯದೇವ ವೃತ್ತದಲ್ಲಿ ನಿಂತವನು ಒಂದು ಕಡೆ ಹೋಗುತ್ತಾನೆ, ಹದಡಿ ರಸ್ತೆಯಲ್ಲಿ ನಿಂತವನು ಇನ್ನೊಂದು ಕಡೆ. ವಿದ್ಯಾರ್ಥಿ ತನ್ನ ಹೋಮ್ ಫೋಲ್ಡರಿನಲ್ಲಿ ನಿಂತು ಓಡಿಸಿದಾಗ ಫೈಲು ಅಲ್ಲೇ ಹುಟ್ಟಿತು. ಅಪಾಚೆ ಸರ್ವರು ಓಡಿಸಿದಾಗ ಸ್ಕ್ರಿಪ್ಟು ತಾನಿರುವ ಸಿಜಿಐ-ಬಿನ್ ಫೋಲ್ಡರಿನಲ್ಲಿ ನಿಂತಿತ್ತು. ಅಲ್ಲಿ ಬರೆಯುವ ಅನುಮತಿ ಅಪಾಚೆಯ ಬಳಕೆದಾರನಿಗೆ ಇರಲಿಲ್ಲ. ಫೈಲು ತೆರೆಯದಿದ್ದಾಗ ಏನು ಮಾಡಬೇಕೆಂದು ಕೋಡಿನಲ್ಲಿ ಬರೆಯದ ಕಾರಣ ಅದು ಸದ್ದಿಲ್ಲದೆ ಸೊನ್ನೆಗೆ ಒಂದು ಕೂಡಿಸುತ್ತಲೇ ಹೋಯಿತು.

ಸರ್ವರು ಸ್ಕ್ರಿಪ್ಟನ್ನು ಹೇಗೆ ಓಡಿಸಬೇಕೆಂಬ ಸಿಜಿಐ ಒಪ್ಪಂದ ಹುಟ್ಟಿದ್ದು 1993ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ. ಅದನ್ನು ವಿಧಿವತ್ತಾಗಿ ಬರೆದಿಟ್ಟದ್ದು 2004ರಲ್ಲಿ. ಯುನಿಕ್ಸ್ ಸರ್ವರುಗಳು ಸ್ಕ್ರಿಪ್ಟನ್ನು ಅದರದೇ ಫೋಲ್ಡರಿನಲ್ಲಿ ನಿಲ್ಲಿಸಿ ಓಡಿಸುವುದು ಒಳ್ಳೆಯದು ಎಂದು ಆ ದಾಖಲೆ ಹೇಳುತ್ತದೆ. ಆದರೆ ಅದೇ ಸ್ಕ್ರಿಪ್ಟನ್ನು ರಾತ್ರಿ, ಗೊತ್ತುಪಡಿಸಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಒಪ್ಪಿಸಿ ನೋಡಿ, ಅದು ಹೋಮ್ ಫೋಲ್ಡರಿನಲ್ಲಿ ಕಣ್ಣು ಬಿಡುತ್ತದೆ. ನೋಡ್‌ಜೆಎಸ್ ಇನ್ನೂ ತುಂಟ: ‘ರಿಕ್ವೈರ್’ ಎಂದು ಕರೆದರೆ ಕೋಡ್ ಇರುವ ಜಾಗದಿಂದ ಹುಡುಕುತ್ತದೆ, ಫೈಲು ಓದು ಎಂದರೆ ನಿಂತ ಜಾಗದಿಂದ.

ಮೊದಲ ಪ್ರಶ್ನೆಯಲ್ಲೇ ಎರಡನೆಯದಕ್ಕೆ ಅರ್ಧ ಉತ್ತರವಿತ್ತು ಎಂಬುದು ನನ್ನ ತಕರಾರು. ಸರ್ವರಿನ ಹೆಸರು ತೆಗೆದ ಅದೇ ಎನ್ವಿರಾನ್ಮೆಂಟ್ ವೇರಿಯಬಲ್‌ಗಳ ಪಟ್ಟಿಯಲ್ಲಿ ಸ್ಕ್ರಿಪ್ಟಿನ ಪೂರ್ತಿ ವಿಳಾಸವನ್ನೂ ಸೈಟಿನ ಮೂಲ ಫೋಲ್ಡರನ್ನೂ ಅಪಾಚೆ ಇಟ್ಟಿರುತ್ತದೆ. ಅಂಕಕ್ಕಾಗಿ ನಾಲ್ಕು ಸಾಲು ಪ್ರಿಂಟ್ ಮಾಡಿ ಮುಂದೆ ಹೋದವರು ಅವುಗಳತ್ತ ನೋಡಲೇ ಇಲ್ಲ. ಅರ್ಧ ಉತ್ತರ ಎಂದೆ, ಏಕೆಂದರೆ ಕ್ರಾನ್‌ನಲ್ಲಿ ಅವು ಸಿಗುವುದಿಲ್ಲ. ಹಾಗಾಗಿ ಹೆಚ್ಚು ನಂಬಬಹುದಾದದ್ದು ಕೋಡ್ ಫೈಲಿನ ಸ್ವಂತ ಜಾಗವನ್ನೇ. ಪರ್ಲ್‌ನಲ್ಲಿ ಅದಕ್ಕೆ ‘ಫೈಂಡ್‌ಬಿನ್’ ಇದೆ. ಪಿಎಚ್‌ಪಿಯಲ್ಲಿ 2009ರ 5.3 ಆವೃತ್ತಿಯಿಂದ ‘ಡಿರ್’ ಬಂತು, ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್ ಹಾಕಿ ಬರೆಯುವುದು. ನಿಂತ ಫೋಲ್ಡರನ್ನು ನಂಬುವುದು ಅಪಾಯವೂ ಹೌದು. ಯಾರೋ ಅಲ್ಲಿ ಅದೇ ಹೆಸರಿನ ಕಳ್ಳ ಮಾಡ್ಯೂಲ್ ಇಟ್ಟಿರಬಹುದು. ಆ ಕಾರಣಕ್ಕೇ 2017ರ 5.26 ಆವೃತ್ತಿಯಲ್ಲಿ ಪರ್ಲ್ ತನ್ನ ಮಾಡ್ಯೂಲ್ ಹುಡುಕುವ ಪಟ್ಟಿಯಿಂದ ಆ ಫೋಲ್ಡರನ್ನು ತೆಗೆದೇಹಾಕಿತು. ಎಷ್ಟೋ ಹಳೆಯ ಸ್ಕ್ರಿಪ್ಟುಗಳು ಅಂದು ಕೈಕಾಲು ಬಿಟ್ಟವು.

ತಮ್ಮ ವಿಂಡೋಸ್ ಕಂಪ್ಯೂಟರಿನಲ್ಲೇ ಸರ್ವರು ಓಡಿಸುವ ಕ್ಸಾಂಪ್‌ನಲ್ಲಿ ಕಟ್ಟಿದ ಸೈಟನ್ನು ಲಿನಕ್ಸ್ ಹೋಸ್ಟಿಂಗ್‌ಗೆ ಏರಿಸಿದವರಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ: ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಬೇರೆಯಾದರೆ ಲಿನಕ್ಸಿಗೆ ಅದು ಬೇರೆಯೇ ಫೈಲು.

ಇನ್ನು ಕಾನ್ಫಿಗರೇಶನ್. ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲು ಬ್ರೌಸರಿಗೆ ಎಟಕುವ ಫೋಲ್ಡರಿನಲ್ಲಿ ಇರಲೇಬಾರದು. ಹೋಸ್ಟಿಂಗ್‌ನಲ್ಲಿ ‘ಪಬ್ಲಿಕ್ ಎಚ್‌ಟಿಎಂಎಲ್’ ಎಂಬ ಫೋಲ್ಡರ್ ಇರುತ್ತದಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಇಡಿ. ಸೈಟಿನ ಮೂಲ ಫೋಲ್ಡರನ್ನು ಆ ಕಾನ್ಫಿಗರೇಶನ್ ಫೈಲು ಒಂದರಲ್ಲೇ ಲೆಕ್ಕ ಹಾಕಿ, ಉಳಿದ ದಾರಿಗಳೆಲ್ಲ ಅದಕ್ಕೆ ಜೋಡಿಸಿಕೊಂಡು ಹುಟ್ಟಲಿ. ಊರಿನ ಅಂಗಡಿಗೆ ಸೈಟು ಮಾಡಿಕೊಡುವ ಹುಡುಗರು ಹೋಸ್ಟಿಂಗ್ ಬದಲಿಸಿದಾಗ ಮೂವತ್ತು ಫೈಲು ತಿದ್ದುವ ಪಾಡು ಆಗ ತಪ್ಪುತ್ತದೆ. ಫೈಲು ತೆರೆಯದಿದ್ದರೆ ಎಲ್ಲಿ ಹುಡುಕಿದೆ ಎಂಬ ಪೂರ್ತಿ ದಾರಿಯನ್ನು ಸ್ಕ್ರಿಪ್ಟು ಹೇಳಬೇಕು. ಹೇಳುವುದು ಎರರ್ ಲಾಗಿಗೆ, ಬ್ರೌಸರಿಗಲ್ಲ. ಸರ್ವರಿನ ಒಳಗಿನ ವಿಳಾಸ ದಾರಿಹೋಕರಿಗೆ ಗೊತ್ತಾಗಬೇಕಾಗಿಲ್ಲ.