ಹಳೇ ಕಾಯಿಲೆ ಮುಚ್ಚಿಡಬೇಡಿ, ಬೆನ್ನು ನೋಯುತ್ತಿದ್ದರೆ!

ಶ್ರೀರಂಗಪಟ್ಟಣ ಸೀಮೆಯ ಹೆಣ್ಣುಮಕ್ಕಳಿಗೆ ಬೆನ್ನುನೋವು ಹೊಸದಲ್ಲ. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದ್ದು, ಕಬ್ಬಿನ ಹೊರೆ ಹೊತ್ತದ್ದು, ಬಿಂದಿಗೆ ಎತ್ತಿದ್ದು... ಕಾರಣಕ್ಕೇನೂ ಬರವಿಲ್ಲ. ಎಣ್ಣೆ ತಿಕ್ಕಿ ಬಿಸಿನೀರು ಹಾಕಿಸಿಕೊಂಡರೆ ನಾಲ್ಕು ದಿನಕ್ಕೆ ಸರಿಹೋಗುತ್ತದೆ. ಬಹಳ ಸಲ ಅಷ್ಟೇ ಸಾಕು ಕೂಡ.

ಆದರೆ ನಿಮಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತೇ? ಹಾಗಿದ್ದರೆ ಹೊಸದಾಗಿ ಶುರುವಾದ ಬೆನ್ನುನೋವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಸ್ತನ, ಶ್ವಾಸಕೋಶ, ಥೈರಾಯಿಡ್, ಮೂತ್ರಪಿಂಡ, ಗಂಡಸರಲ್ಲಿ ಪ್ರಾಸ್ಟೇಟ್, ಈ ಕ್ಯಾನ್ಸರ್‌ಗಳು ಬೆನ್ನುಮೂಳೆಗೆ ಹರಡುವುದು ಹೆಚ್ಚು. ಸ್ತನದ್ದಂತೂ ‘ಗುಣ ಆಯ್ತು’ ಅಂತ ನೆಮ್ಮದಿಯಾಗಿದ್ದ ಹತ್ತು ಹದಿನೈದು ವರ್ಷದ ಮೇಲೂ ತಲೆಯೆತ್ತಬಹುದು.

ಈ ನೋವಿನ ರೀತಿಯೇ ಬೇರೆ. ಮಲಗಿದರೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ನಡುರಾತ್ರಿ ಎಬ್ಬಿಸಿ ಕೂರಿಸುತ್ತದೆ. ಸೊಂಟಕ್ಕಿಂತ ಮೇಲೆ, ನಡುಬೆನ್ನಿನಲ್ಲಿ ಬರುವುದೇ ಹೆಚ್ಚು. ಕೆಲವರಿಗೆ ಪಕ್ಕೆ ಸುತ್ತ ಪಟ್ಟಿ ಬಿಗಿದ ಹಾಗಿರುತ್ತದೆ. ಕೆಮ್ಮಿದರೆ, ಸೀನಿದರೆ ಚಳುಕು. ಇಂಥ ಬೆನ್ನನ್ನು ಯಾರ ಕೈಲೂ ನೀವಿಸಬೇಡಿ, ಎಳೆಸಬೇಡಿ. ಸವೆದ ಮೂಳೆ ಕುಸಿದೀತು.

ಡಾಕ್ಟರ ಹತ್ತಿರ ಹೋದಾಗ ಮೊದಲ ಮಾತೇ ‘ನನಗೆ ಹಿಂದೆ ಕ್ಯಾನ್ಸರ್ ಆಗಿತ್ತು’ ಅನ್ನುವುದಾಗಿರಲಿ. ಎಷ್ಟೋ ಜನ ಹೇಳುವುದೇ ಇಲ್ಲ. ಮಗಳ ಮದುವೆ ಆಗಬೇಕು, ಊರಿಗೆ ಗೊತ್ತಾದರೆ ಹೇಗೆ ಎಂಬ ಅಂಜಿಕೆ. ಅಂಜಿಕೆ ಸುಳ್ಳಲ್ಲ, ಆದರೆ ಡಾಕ್ಟರು ಊರಿನವರಲ್ಲವಲ್ಲ! ನೀವು ಹೇಳದಿದ್ದರೆ ಅವರು ನೋವಿನ ಮಾತ್ರೆ ಬರೆದು ಕಳಿಸುತ್ತಾರೆ.

‘ಎಕ್ಸ್‌ರೇಲಿ ಏನೂ ಇಲ್ಲ’ ಅಂದರೂ ಸುಮ್ಮನಾಗಬೇಡಿ. ಮೂಳೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸವೆಯುವವರೆಗೂ ಎಕ್ಸ್‌ರೇಯಲ್ಲಿ ಕಾಣದಿರಬಹುದು. ಬೇಕಾದದ್ದು ಎಂ.ಆರ್.ಐ., ಅದೂ ಇಡೀ ಬೆನ್ನುಮೂಳೆಯದು. ಗಡ್ಡೆ ಒಂದೇ ಕಡೆ ಇರಬೇಕೆಂದಿಲ್ಲ. ಕಂಡದ್ದೆಲ್ಲ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಡಿ. ನಮ್ಮಲ್ಲಿ ಬೆನ್ನುಮೂಳೆಗೂ ಕ್ಷಯ ಬರುತ್ತದೆ. ಮುಟ್ಟು ನಿಂತವರಲ್ಲಿ, ಲೆಟ್ರೊಜೋಲ್‌ನಂಥ ಮಾತ್ರೆ ನುಂಗುವವರಲ್ಲಿ ಮೂಳೆ ಟೊಳ್ಳಾಗಿಯೂ ಮುರಿಯುತ್ತದೆ. ಅನುಮಾನವಿದ್ದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುತ್ತಾರೆ. ‘ಸೂಜಿ ಹಾಕಿದರೆ ಹರಡುತ್ತೆ’ ಎಂಬ ಮಾತಿಗೆ ಹೆದರಿ ಬೇಡ ಅನ್ನಬೇಡಿ.

ಕಾಲಲ್ಲಿ ಶಕ್ತಿ ಕುಗ್ಗಿತೇ, ಚಪ್ಪಲಿ ಜಾರಿದ್ದೂ ಗೊತ್ತಾಗುತ್ತಿಲ್ಲವೇ, ಮೂತ್ರ ಕಟ್ಟಿತೇ? ಬೆಳಗಾಗಲಿ ಎಂದು ಕಾಯಬೇಡಿ. ನರಹುರಿ ಒತ್ತಿದೆ ಎಂದರ್ಥ, ಅಂದೇ ದೊಡ್ಡಾಸ್ಪತ್ರೆ ಸೇರಬೇಕು. ಮೈಸೂರು ಪಟ್ಟಣದಿಂದ ಹದಿನೈದು ಕಿಲೋಮೀಟರ್ ಚಿಲ್ಲರೆ, ಮಂಡ್ಯಕ್ಕೂ ಮೂವತ್ತರೊಳಗೆ. ನಡೆಯುತ್ತಾ ಬಂದವರು ಚಿಕಿತ್ಸೆಯ ನಂತರವೂ ನಡೆಯುವ ಸಾಧ್ಯತೆ ಹೆಚ್ಚು, ಕಾಲು ಪೂರಾ ಬಿದ್ದ ಮೇಲೆ ಬಂದವರಿಗೆ ಆ ಭರವಸೆ ಕೊಡುವುದು ಕಷ್ಟ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನರಹುರಿ ಒತ್ತಿದ್ದ ಆಯ್ದ ರೋಗಿಗಳಲ್ಲಿ ಆಪರೇಷನ್ನೂ ರೇಡಿಯೇಷನ್ನೂ ಎರಡೂ ಆದವರ ಪೈಕಿ ನೂರಕ್ಕೆ 84 ಮಂದಿ ನಡೆದರು, ಬರೀ ರೇಡಿಯೇಷನ್ ಆದವರಲ್ಲಿ 57.

ಹೊರಡುವಾಗ ಬೀರುವಿನ ಮೇಲಿನ ಹಳೇ ಫೈಲನ್ನು ಮರೆಯಬೇಡಿ. ಬೆಂಗಳೂರಿನ ಕಿದ್ವಾಯಿಯದೋ ಮೈಸೂರಿನದೋ, ಡಿಸ್ಚಾರ್ಜ್ ಚೀಟಿ, ಬಯಾಪ್ಸಿ ವರದಿ ಎರಡೂ ಅದರಲ್ಲಿದೆಯೇ ಎಂದು ಇವತ್ತೇ ನೋಡಿಟ್ಟುಕೊಳ್ಳಿ.